ಸೋಂಪಿನ ತಟ್ಟೆಯಲ್ಲಿ ಏನೂ ಇಡದ ಗಿರಾಕಿ

ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಬಾಗಲೂರು ರಸ್ತೆಗೆ ತಿರುಗುವ ಕಡೆ ಶಿವಣ್ಣನವರ ಸಸ್ಯಾಹಾರಿ ಹೋಟೆಲಿದೆ. ನಾನು ಬಾಗಲೂರಿನ ಶಾಲೆಗೆ ಕನ್ನಡ ಮೇಷ್ಟ್ರಾಗಿ ಬಂದಂದಿನಿಂದ ಬೆಳಗಿನ ತಿಂಡಿ ಅಲ್ಲಿಯೇ. ಈ ಹದಿನಾರು ವರ್ಷಗಳಲ್ಲಿ ಹೋಟೆಲಿನ ಕುರ್ಚಿಗಳು ಬದಲಾಗಿವೆ, ಬೋರ್ಡು ಬದಲಾಗಿದೆ, ಚಟ್ನಿಯ ರುಚಿ ಎರಡು ಸಲ ಬದಲಾಗಿದೆ. ಬದಲಾಗದೆ ಉಳಿದವರು ಸಪ್ಲೈಯರ್ ರಾಮಕೃಷ್ಣಪ್ಪ.

ಅವರು ಗುಮ್ಮಳಾಪುರದವರು. ಅಣ್ಣತಮ್ಮಂದಿರಿಗೆ ಹಂಚಿಹೋಗಿ ಉಳಿದ ಒಂದೂವರೆ ಎಕರೆ ಹೊಲವನ್ನು ಹೆಂಡತಿ ಪಾರ್ವತಮ್ಮ ನೋಡಿಕೊಳ್ಳುತ್ತಾರೆ. ರಾಮಕೃಷ್ಣಪ್ಪ ಮೊದಲ ಬಸ್ಸಿಗೆ ಹೊಸೂರಿಗೆ ಬಂದು, ಮಧ್ಯಾಹ್ನದ ಊಟದ ಹೊತ್ತು ಮುಗಿಸಿ, ನಾಲ್ಕು ಗಂಟೆಯ ಬಸ್ಸಿಗೆ ಹಿಂತಿರುಗುತ್ತಾರೆ. ಈ ಓಡಾಟಕ್ಕೆ ಮೂವತ್ತೊಂದು ವರ್ಷವಾಯಿತು. ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾನೋ ಆ ಭಾಷೆಯಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾರೆ. ಅಡುಗೆಮನೆಯ ಕಡೆ ತಿರುಗಿದೊಡನೆ ಅದು ತಮಿಳಾಗುತ್ತದೆ, ದೋಸೆ ಮಾಸ್ಟರು ಧರ್ಮಪುರಿಯವರಾದ್ದರಿಂದ. ಆರು ಜನರ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟುಕೊಂಡು, ಯಾರಿಗೆ ಸಕ್ಕರೆ ಕಡಿಮೆ, ಯಾರಿಗೆ ಸಾಂಬಾರಿನಲ್ಲಿ ಮುಳುಗಿಸಿದ ವಡೆ ಎಂಬುದನ್ನು ಒಮ್ಮೆಯೂ ತಪ್ಪದೆ ತಂದಿಡುವುದನ್ನು ನಾನು ದಿನವೂ ನೋಡಿದ್ದೇನೆ. ನೋಡಿದ್ದೇನೆ ಅಷ್ಟೆ. ಅದನ್ನೊಂದು ವಿಷಯವೆಂದು ಆಗ ಎಣಿಸಿರಲಿಲ್ಲ.

ನಮ್ಮ ಕಡೆ ಟಿಪ್ಸ್ ಕೊಡುವುದಕ್ಕೆ ಇಂಥದೇ ಎಂಬ ಕಟ್ಟಳೆಯಿಲ್ಲ. ಬಿಲ್ಲಿನ ಜೊತೆಗೆ ಸೋಂಪಿನ ತಟ್ಟೆ ಬರುತ್ತದೆ. ಮನಸ್ಸಿದ್ದವರು ಅದರಲ್ಲಿ ಏನಾದರೂ ಬಿಟ್ಟು ಏಳುತ್ತಾರೆ. ಲಾರಿ ಡ್ರೈವರುಗಳು ಚಿಲ್ಲರೆಯನ್ನು ಮುಟ್ಟುವುದೇ ಇಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಗಂಡಹೆಂಡಿರು ಎಷ್ಟು ಬಿಡಬೇಕೆಂದು ಕಣ್ಣಲ್ಲೇ ಜಗಳವಾಡಿ ಬಿಡುತ್ತಾರೆ. ಸೈಟು ಮಾರಿಸಿದ ದಿನ ದಲ್ಲಾಳಿಗಳು ನೂರರ ನೋಟು ಇಟ್ಟು ಎಲ್ಲರಿಗೂ ಕಾಣುವಂತೆ ಏಳುತ್ತಾರೆ. ಗುಲಾಬಿ, ಟೊಮೆಟೊ ಮಾರಲು ಬಂದ ರೈತರು ಏನೂ ಬಿಡುವುದಿಲ್ಲ, ಆದರೆ ಅಣ್ಣಾ ಎಂದು ಕರೆದು ಮಗಳ ಮದುವೆ ಏನಾಯಿತೆಂದು ಕೇಳಿ ಹೋಗುತ್ತಾರೆ. ರಾಮಕೃಷ್ಣಪ್ಪನವರಿಗೆ ಇದರಲ್ಲಿ ತಮ್ಮದೇ ಒಂದು ನೇಮವಿತ್ತು. ಗಿರಾಕಿ ಹೊಸ್ತಿಲು ದಾಟುವತನಕ ಅವರು ಸೋಂಪಿನ ತಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ಒಮ್ಮೆ ಯಾಕೆಂದು ಕೇಳಿದ್ದೆ.

"ಕೊಟ್ಟೋರ್ ಮುಖಾನೂ ನೋಡ್ಬಾರ್ದು, ಕೊಡ್ದೋರ್ ಮುಖಾನೂ ನೋಡ್ಬಾರ್ದು ಮೇಷ್ಟ್ರೆ. ನೋಡ್ಬುಟ್ರೆ ನಾಳೆ ಇಡ್ಲಿ ಇಡೋ ಕೈ ಬದಲಾಗೋಗ್ತದೆ" ಎಂದಿದ್ದರು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಆ ಹೋಟೆಲಿಗೆ ಹೊಸ ಗಿರಾಕಿಯೊಬ್ಬರು ಬರತೊಡಗಿದರು. ಇಸೋಬೆ ಎಂದು ಹೆಸರು, ಜಪಾನಿನವರು, ಅರುವತ್ತರ ಹತ್ತಿರದ ವಯಸ್ಸು. ಇಲ್ಲಿನ ಕಾರ್ಖಾನೆಯೊಂದಕ್ಕೆ ಅವರ ದೇಶದಿಂದ ಬಂದ ದೊಡ್ಡ ಯಂತ್ರಗಳನ್ನು ಕೂರಿಸಿ ಸರಿಪಡಿಸಿ ಕೊಡಲು ಏಳೆಂಟು ತಿಂಗಳ ಮಟ್ಟಿಗೆ ಬಂದಿದ್ದರು. ಅವರನ್ನು ಕರೆತರುತ್ತಿದ್ದವನು ಕುಮಾರೇಶ್. ಬಾಗಲೂರಿನ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಈಗ ಅದೇ ಕಾರ್ಖಾನೆಯಲ್ಲಿ ಇಂಜಿನಿಯರು. ಕಂಪನಿಯವರು ಅವನನ್ನು ಎರಡು ವರ್ಷ ಜಪಾನಿನಲ್ಲಿಟ್ಟು ತರಬೇತಿ ಕೊಡಿಸಿದ್ದರಿಂದ ಅವನಿಗೆ ಆ ಭಾಷೆ ಬರುತ್ತಿತ್ತು. ಇಸೋಬೆಯವರ ಮಾತು ನನ್ನ ಕಿವಿಗೆ ಬಿದ್ದದ್ದೆಲ್ಲ ಕುಮಾರೇಶನ ಬಾಯಿಂದಲೇ.

ಇಸೋಬೆಯವರು ದಿನವೂ ಏಳೂವರೆಗೆ ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ತಿಂಡಿ ಬಂದೊಡನೆ ಎರಡು ಕೈ ಜೋಡಿಸಿ ಏನೋ ಹೇಳಿಕೊಳ್ಳುತ್ತಿದ್ದರು. ಪೊಂಗಲ್ಲಿನಲ್ಲಿ ಒಂದು ಅಗುಳು ಉಳಿಸುತ್ತಿರಲಿಲ್ಲ. ಮೆಣಸಿನ ಕಾಳನ್ನೂ ಅಗಿದು ನುಂಗುತ್ತಿದ್ದರು. ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸಿ ತಟ್ಟೆಯ ಬದಿಗಿಟ್ಟು, ಎದ್ದು ನಿಂತು, ರಾಮಕೃಷ್ಣಪ್ಪನವರ ಕಡೆ ತಿರುಗಿ ಸೊಂಟದಿಂದ ಬಾಗುತ್ತಿದ್ದರು. ಬಾಗಿದಾಗ ಬಾಯಲ್ಲಿ ಒಂದೇ ಮಾತು: "ಗೊಚಿಸೋಸಮಾ." ಸೋಂಪಿನ ತಟ್ಟೆಯಲ್ಲಿ ಮಾತ್ರ ಒಂದು ದಿನವೂ ಏನನ್ನೂ ಇಡಲಿಲ್ಲ.

ಮೊದಲ ದಿನ ಅವರು ಬಾಗಿದಾಗ ರಾಮಕೃಷ್ಣಪ್ಪ ಹಿಂದೆ ಯಾರೋ ದೊಡ್ಡವರು ಬಂದಿದ್ದಾರೆಂದುಕೊಂಡು ತಿರುಗಿ ನೋಡಿದರಂತೆ. ಹಿಂದೆ ಇದ್ದದ್ದು ಕೈ ತೊಳೆಯುವ ನಲ್ಲಿ. ಸಂಜೆ ಮನೆಗೆ ಹೋಗಿ ಪಾರ್ವತಮ್ಮನವರಿಗೆ ಹೇಳಿದಾಗ ಅವರು ನಂಬಲಿಲ್ಲ. ಸೊಂಟ ಹಿಡಿದುಕೊಂಡಿರಬೇಕು ಪಾಪ, ವಯಸ್ಸಾದವರು ಎಂದರು.

ಹೋಟೆಲಿನಲ್ಲಿ ಬೇರೆ ಸಪ್ಲೈಯರುಗಳೂ ಇದ್ದಾರೆ. ಅವರಲ್ಲಿ ಚಿರಂಜೀವಿ ಎಂಬ ಚುರುಕು ನಾಲಿಗೆಯವನು ಇಸೋಬೆಯವರಿಗೆ ಗೋಚಿ ಸಾರ್ ಎಂದು ಹೆಸರಿಟ್ಟ. ನಮಸ್ಕಾರ ಕೊಟ್ಟರೆ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುತ್ತಾನೆಯೇ ಎಂಬುದು ಅವನ ಪ್ರಶ್ನೆ. ಎರಡು ವಾರದಲ್ಲಿ ಕಿಟಕಿಯ ಮೇಜಿನ ಕಡೆ ಮಿಕ್ಕವರು ಹೋಗುವುದನ್ನೇ ಬಿಟ್ಟರು. ರಾಮಕೃಷ್ಣಪ್ಪನವರ ಮೇಜುಗಳು ಒಳಗಡೆ ಇದ್ದರೂ ಏಳೂವರೆಗೆ ಅವರು ಕಿಟಕಿಯ ಹತ್ತಿರ ಹಾಜರಿರುತ್ತಿದ್ದರು. ಮುಖ ನೋಡಬಾರದೆಂಬ ನೇಮ ಅವರದಾದರೂ, ಬಾಗಿದ ಆ ನೆತ್ತಿಯನ್ನು ನೋಡದಿರಲು ಆಗುತ್ತಿರಲಿಲ್ಲವೆಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡರು. ದೇವಸ್ಥಾನದಲ್ಲಿ ಬಿಟ್ಟು ಇನ್ನೆಲ್ಲಿಯೂ ಅಷ್ಟು ಬಾಗಿದ ಬೆನ್ನನ್ನು ಅವರು ಕಂಡಿರಲಿಲ್ಲ.

ಹೀಗೆ ಮೂರು ತಿಂಗಳು ನಡೆಯಿತು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಇಸೋಬೆಯವರ ಜೊತೆಗೆ ಅಮೆರಿಕದಿಂದ ಬಂದಿದ್ದ ಇನ್ನೊಬ್ಬ ಇಂಜಿನಿಯರು ಇದ್ದ. ಎತ್ತರದ, ನಗುಮುಖದ ಮನುಷ್ಯ. ಮಸಾಲೆ ದೋಸೆ ತಿಂದು, ಎರಡು ಕಾಫಿ ಕುಡಿದು, ಫೋನು ಬಂತೆಂದು ಮೊದಲೇ ಎದ್ದು ಕಾರಿನ ಕಡೆ ಹೋದ. ಹೋಗುವಾಗ ಸೋಂಪಿನ ತಟ್ಟೆಯ ಕೆಳಗೆ ಐನೂರರ ಒಂದು ನೋಟು ಸಿಕ್ಕಿಸಿದ್ದನ್ನು ಪಕ್ಕದ ಮೇಜಿನಲ್ಲಿದ್ದ ನಾನೂ ಕಂಡೆ. ಅಂದಿನ ಬಿಲ್ಲೇ ಅಷ್ಟಾಗಿರಲಿಲ್ಲ.

ಇಸೋಬೆಯವರು ಕಾಫಿ ಮುಗಿಸಿ ಏಳುವಾಗ ಆ ನೋಟನ್ನು ನೋಡಿದರು. ನೋಡಿದವರೇ ಗಾಬರಿಯಿಂದ ಎತ್ತಿಕೊಂಡು ಬಾಗಿಲ ಕಡೆ ಓಡಿದರು. ಅಂದು ಬಾಗುವುದನ್ನೂ ಮರೆತರು. ರಾಮಕೃಷ್ಣಪ್ಪ ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ವಡೆಯ ತಟ್ಟೆ ಹಿಡಿದು ನಿಂತಿದ್ದರು. ಅವರ ಪಾಲಿನ ನೋಟು ಹೊಸ್ತಿಲು ದಾಟಿ ಹೋಯಿತು.

"ಗೋಚಿ ಸಾರ್ ಕೊಡೋದಂತೂ ಇಲ್ಲ, ಇನ್ನೊಬ್ರು ಇಟ್ಟಿದ್ದನ್ನೂ ಎತ್ಕೊಂಡ್ ಹೋಗ್ಬುಟ್ರು ಕಣಣ್ಣೋ" ಎಂದ ಚಿರಂಜೀವಿ. ಎರಡು ಮೇಜಿನವರು ನಕ್ಕರು. ರಾಮಕೃಷ್ಣಪ್ಪ ನಗಲಿಲ್ಲ. ವಡೆ ಇಡಬೇಕಾದಲ್ಲಿ ಇಟ್ಟರು.

ಹೊರಗೆ ನಡೆದದ್ದನ್ನು ಕುಮಾರೇಶ್ ಆಮೇಲೆ ನನಗೆ ಹೇಳಿದ. ಇಸೋಬೆಯವರು ಏದುಸಿರು ಬಿಡುತ್ತಾ ನೋಟನ್ನು ಎರಡು ಕೈಯಲ್ಲಿ ಹಿಡಿದು, ನೀವು ಮರೆತು ಬಂದಿರಿ ಎಂದರು. ಅಮೆರಿಕದವನು ಜೋರಾಗಿ ನಕ್ಕು, ಮರೆತದ್ದಲ್ಲ, ಅದು ತಂದಿಟ್ಟವನಿಗೆ ಎಂದ. ಇಸೋಬೆಯವರಿಗೆ ಅರ್ಥವಾಗಲಿಲ್ಲ. ಅವನಿಗೆ ಹೋಟೆಲಿನವರು ಸಂಬಳ ಕೊಡುವುದಿಲ್ಲವೇ ಎಂದು ಕೇಳಿದರು. ನಮ್ಮ ದೇಶದಲ್ಲಿ ಬಡಿಸುವವರ ಸಂಬಳದ ಬಹುಪಾಲು ಇದೇ, ಬಿಲ್ಲಿನ ಐದರಲ್ಲೊಂದು ಭಾಗವನ್ನಾದರೂ ಬಿಡದೆ ಎದ್ದರೆ ಅವರ ದುಡಿಮೆಯನ್ನು ಕದ್ದಂತೆ ಎಂದ ಅವನು. ಇಸೋಬೆಯವರ ದೇಶದಲ್ಲಿ ಯಾರಾದರೂ ಮೇಜಿನ ಮೇಲೆ ಹಣ ಬಿಟ್ಟರೆ ಬಡಿಸಿದವರು ಬೀದಿಯವರೆಗೂ ಓಡಿಬಂದು ಹಿಂತಿರುಗಿಸುತ್ತಾರಂತೆ. ಒಳ್ಳೆಯ ಕೆಲಸ ಮಾಡುವುದು ಅವರ ಮರ್ಯಾದೆಯ ಮಾತು. ಅದಕ್ಕೆ ಬೇರೆ ಕಾಸು ಕೊಡುವುದೆಂದರೆ ಕೊಡದಿದ್ದರೆ ಸರಿಯಾಗಿ ಮಾಡುತ್ತಿರಲಿಲ್ಲ ಎಂದ ಹಾಗೆ.

ಆಗ ಇಸೋಬೆಯವರು ಕುಮಾರೇಶನನ್ನು ಕೇಳಿದರು: ಇಲ್ಲಿ ಹೇಗೆ? ಇಲ್ಲಿ ಕೊಡುತ್ತಾರೆ ಎಂದ ಅವನು. ಎಲ್ಲರೂ ಅಲ್ಲ, ಆದರೆ ಕೊಡುತ್ತಾರೆ. ಇಸೋಬೆಯವರ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾಯಿತಂತೆ. ಒಳಗೆ ಬಂದು ನೋಟನ್ನು ಇದ್ದ ಜಾಗದಲ್ಲೇ ಇಟ್ಟು, ಯಾರ ಮುಖವನ್ನೂ ನೋಡದೆ ಹೋದರು. ಅಂದು ಕಾರ್ಖಾನೆಯಲ್ಲಿ ಅವರು ಮಧ್ಯಾಹ್ನದ ಊಟ ಮಾಡಲಿಲ್ಲ.

ಮರುದಿನ ಹೋಟೆಲಿಗೆ ಬಂದಾಗ ಅವರು ಕೂರಲಿಲ್ಲ. ಕೈಯಲ್ಲಿ ಒಂದು ಪುಟ್ಟ ಕವರು, ಅದರ ಮೇಲೆ ಹಾರುವ ಕೊಕ್ಕರೆಯ ಚಿತ್ರ. ರಾಮಕೃಷ್ಣಪ್ಪನವರ ಮುಂದೆ ನಿಂತು ಅದನ್ನು ಎರಡೂ ಕೈಯಲ್ಲಿ ಚಾಚಿ ಬಾಗಿದರು. ಬಾಗಿದವರು ಏಳಲೇ ಇಲ್ಲ. ತಿಂಡಿ ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಕುಮಾರೇಶ್ ಪಕ್ಕದಲ್ಲಿ ನಿಂತು, ಇವರು ಮೂರು ತಿಂಗಳಿಂದ ನಿಮಗೆ ಅವಮಾನ ಮಾಡಿದ್ದೇನೆಂದು ತುಂಬಾ ನೊಂದಿದ್ದಾರೆ, ಕ್ಷಮಿಸಬೇಕಂತೆ, ಅವರ ಕಡೆ ಹಣವನ್ನು ಹಾಗೇ ಕೈಗೆ ಕೊಡುವುದಿಲ್ಲವಂತೆ, ಅದಕ್ಕೆ ಈ ಕವರು ಎಂದು ವಿವರಿಸಿದ.

ರಾಮಕೃಷ್ಣಪ್ಪನವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗಲ್ಲಾದಲ್ಲಿದ್ದ ಶಿವಣ್ಣನವರ ಕಡೆ ನೋಡಿದರು. ಶಿವಣ್ಣನವರೂ ಬಾಯಿ ತೆರೆದು ನಿಂತಿದ್ದರು.

"ಮೊದ್ಲು ಅವರನ್ನ ಏಳಕ್ಕೆ ಹೇಳು ಕುಮಾರೇಶಪ್ಪ" ಎಂದರು ರಾಮಕೃಷ್ಣಪ್ಪ. "ಇದು ಸಾಲ ಅಲ್ಲ, ಹಳೇ ಬಾಕಿ ಅಂತ ಇರಾಕಿಲ್ಲ. ಕೊಡೋದು ಕೊಡೋರ ಮನಸು. ಕೊಡ್ದೇ ಇರೋದು ತಪ್ಪಲ್ಲ ಅಂತ ಹೇಳು."

ಕುಮಾರೇಶ್ ಹೇಳಿದ. ಇಸೋಬೆಯವರು ತಲೆಯೆತ್ತಿದರೂ ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ರಾಮಕೃಷ್ಣಪ್ಪ ತಮ್ಮ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಎರಡು ಕೈಯಲ್ಲೂ ಆ ಕವರನ್ನು ಹಿಡಿದು, ದೇವರ ಪ್ರಸಾದವನ್ನು ಒತ್ತಿಕೊಳ್ಳುವ ಹಾಗೆ ಎರಡು ಕಣ್ಣಿಗೂ ಒತ್ತಿಕೊಂಡರು. ನಮಗೆ ಅದು ದಿನನಿತ್ಯದ ಕೆಲಸ; ಗಲ್ಲಾಪೆಟ್ಟಿಗೆಗೆ ಬೀಳುವ ಮೊದಲ ನೋಟನ್ನು ಶಿವಣ್ಣನವರೂ ಹಾಗೆಯೇ ಒತ್ತಿಕೊಳ್ಳುತ್ತಾರೆ. ಇಸೋಬೆಯವರು ಅದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, ಕುಮಾರೇಶನನ್ನು ಏನೋ ಕೇಳಿದರು. ಹಣವನ್ನು ಕಣ್ಣಿಗೆ ಒತ್ತಿಕೊಳ್ಳುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲವಂತೆ.

ಆಮೇಲೆ ಎಲ್ಲರೂ ಕೂತರು. ರಾಮಕೃಷ್ಣಪ್ಪ ಮಾತ್ರ ನಿಂತೇ ಇದ್ದರು. ಕವರು ಜೇಬಿನಲ್ಲಿ ಭಾರವಾಗಿತ್ತೋ ಏನೋ, ಅವರು ಎಂದೂ ಹೇಳದ ಒಂದು ಕಥೆ ಹೇಳಿದರು. ಅವರು ಈ ಕೆಲಸಕ್ಕೆ ಸೇರಿದ ಮೊದಲ ದಿನ ಲಾರಿ ಡ್ರೈವರೊಬ್ಬ ಎಲೆಯ ಪಕ್ಕ ಎರಡು ರೂಪಾಯಿ ಬಿಟ್ಟು ಎದ್ದನಂತೆ. ಮರೆತು ಹೋದ ಎಂದುಕೊಂಡು ಇವರು ಆ ನೋಟು ಹಿಡಿದು, ಹೊರಟ ಲಾರಿಯ ಹಿಂದೆ ರಾಯಕೋಟೆ ರಸ್ತೆಯ ತಿರುವಿನತನಕ ಓಡಿದರಂತೆ. ಲಾರಿ ನಿಲ್ಲಿಸಿದ ಡ್ರೈವರು ಇವರನ್ನು ನೋಡಿ, ಅದು ನಿನಗೆ ತಮ್ಮಾ ಎಂದು ತಮಿಳಿನಲ್ಲಿ ಹೇಳಿ ಕೆನ್ನೆ ತಟ್ಟಿ ಹೋದನಂತೆ. ಕುಮಾರೇಶ್ ಇದನ್ನು ಜಪಾನಿಯಲ್ಲಿ ಹೇಳುತ್ತಿದ್ದಂತೆ ಇಸೋಬೆಯವರ ಕಣ್ಣುಗಳು ಅಗಲವಾದವು. ನಮ್ಮವರ ಹಾಗೆಯೇ ಓಡಿದ್ದಾರೆ, ನಮ್ಮವರ ಹಾಗೆಯೇ ಎಂದು ಎರಡು ಸಲ ಹೇಳಿದರಂತೆ.

ಆಗ ರಾಮಕೃಷ್ಣಪ್ಪ ಮೂರು ತಿಂಗಳಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದರು: ದಿನಾ ಹೋಗುವಾಗ ಇವರು ಏನು ಹೇಳುತ್ತಾರೆ?

ಊಟ ಮುಗಿದಾಗ ಹೇಳುವ ಮಾತು, ನಮ್ಮ ಥ್ಯಾಂಕ್ಸ್ ಇದ್ದ ಹಾಗೆ ಎಂದ ಕುಮಾರೇಶ್. ಆದರೆ ಇಸೋಬೆಯವರಿಗೆ ಏನು ಕೇಳಿದರೆಂದು ತಿಳಿದಾಗ, ಅವರು ಬಿಲ್ಲಿನ ಚೀಟಿಯ ಹಿಂಬದಿಗೆ ಪೆನ್ನಿನಿಂದ ಆ ಮಾತಿನ ನಡುವಿನ ಎರಡು ಅಕ್ಷರ ಬರೆದರು. ಅಕ್ಷರಗಳಲ್ಲ, ಚಿತ್ರಗಳೇ ಅವು. ಮೊದಲನೆಯದರ ಎಡಭಾಗವನ್ನು ತೋರಿಸಿ, ಕೆಳಗಿನ ನಾಲ್ಕು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ, ಇದು ಕುದುರೆ, ಇವು ಅದರ ಕಾಲುಗಳು ಎಂದರು. ಎರಡನೆಯದು ಓಡುವುದು. ಎರಡೂ ಸೇರಿದರೆ ಅತ್ತಿತ್ತ ಓಡಾಡುವುದು. ಹಿಂದಿನ ಕಾಲದಲ್ಲಿ ಮನೆಗೆ ಅತಿಥಿ ಬಂದರೆ ಯಜಮಾನ ಕುದುರೆಯೇರಿ ಸೊಪ್ಪಿಗೆ, ಮೀನಿಗೆ, ಸೌದೆಗೆ ಅಲೆದು ಬರಬೇಕಾಗಿತ್ತು. ಊಟ ಮುಗಿದ ಮೇಲೆ ಅತಿಥಿ ಅದನ್ನೇ ನೆನೆಯುತ್ತಾನೆ. ರುಚಿ ಚೆನ್ನಾಗಿತ್ತು ಎಂದಲ್ಲ. ನನಗೋಸ್ಕರ ಇಷ್ಟು ಓಡಾಡಿದಿರಿ ಎಂದು.

ಕುಮಾರೇಶನಿಗೂ ಇದು ಹೊಸದು. ಎರಡು ವರ್ಷ ಆ ದೇಶದಲ್ಲಿ ದಿನಕ್ಕೆ ಮೂರು ಹೊತ್ತು ಆ ಮಾತಾಡಿ ಬಂದವನಿಗೆ ಅದರೊಳಗೊಂದು ಕುದುರೆ ಇರುವುದು ಗೊತ್ತಿರಲಿಲ್ಲ.

ರಾಮಕೃಷ್ಣಪ್ಪ ಆ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಒಳಗಿನ ಮೇಜಿನವರು ಮೂರು ಸಲ ಕರೆದರೂ ಅವರಿಗೆ ಕೇಳಿಸಲಿಲ್ಲ. ನನ್ನ ಕಣ್ಣು ಯಾಕೋ ನೆಲದ ಕಡೆ ಹೋಯಿತು. ಅಡುಗೆಮನೆಯ ಬಾಗಿಲಿಂದ ಮೇಜುಗಳ ತನಕ ನೆಲದ ಕೆಂಪು ಬಣ್ಣ ಒಂದು ಕಾಲುದಾರಿಯಂತೆ ಸವೆದು ಬೆಳ್ಳಗಾಗಿತ್ತು. ಹದಿನಾರು ವರ್ಷ ಅದರ ಪಕ್ಕದಲ್ಲೇ ಕೂತು ಇಡ್ಲಿ ತಿಂದವನಿಗೆ ಅದು ಕಂಡದ್ದು ಅಂದೇ.

"ಮೇಷ್ಟ್ರೆ, ನಮ್ಮಲ್ಲಿ ಇದಕ್ಕೆ ಮಾತೈತಾ?" ಎಂದು ರಾಮಕೃಷ್ಣಪ್ಪ ನನ್ನನ್ನು ಕೇಳಿದರು.

ಅನ್ನದಾತಾ ಸುಖೀಭವ ಎನ್ನುತ್ತೇವೆ ಎಂದೆ. ಹೇಳುತ್ತಿರುವಾಗಲೇ ಅದು ಸರಿಯಾದ ಉತ್ತರವಲ್ಲ ಎನ್ನಿಸಿತು. ಅದು ಅನ್ನ ಕೊಟ್ಟವನಿಗೆ. ಅದನ್ನು ಹೊತ್ತು ತಂದವನಿಗೆ ನಮ್ಮಲ್ಲಿ ಯಾವ ಮಾತಿದೆಯೋ, ಕನ್ನಡ ಮೇಷ್ಟ್ರಾದ ನನಗೆ ಇವತ್ತಿಗೂ ಹೊಳೆದಿಲ್ಲ.

ಅಂದು ಸಂಜೆ ಊರಿನಲ್ಲಿ ಕವರು ತೆರೆದವರು ಪಾರ್ವತಮ್ಮ. ಒಳಗಿದ್ದ ನೋಟುಗಳೆಲ್ಲ ಒಂದು ಮಡಿಕೆಯೂ ಇಲ್ಲದ ಹೊಚ್ಚಹೊಸವು. ಹಳೆಯ ನೋಟು ಕೊಟ್ಟರೆ ಮೊದಲೇ ಸಿದ್ಧಮಾಡಿಕೊಂಡಿರಲಿಲ್ಲ ಎಂದಾಗುತ್ತದೆಂದು ಇಸೋಬೆಯವರು ಹಿಂದಿನ ದಿನ ಕುಮಾರೇಶನನ್ನು ಕರೆದುಕೊಂಡು ಮೂರು ಬ್ಯಾಂಕು ಅಲೆದಿದ್ದರು. ಕುದುರೆಯ ಕಥೆ ಕೇಳಿ ಪಾರ್ವತಮ್ಮ, "ಇಷ್ಟ್ ವರ್ಷ ನಾನ್ ಎತ್ತು ಅಂದ್ಕೊಂಡಿದ್ದೆ, ಅವರು ಕುದುರೆ ಅಂದ್ರಾ ನಿನ್ನ" ಎಂದು ನಕ್ಕರಂತೆ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಹೊಸೂರಿನಲ್ಲಿ ಅಂದು ಕಾರ್ಖಾನೆಗಳೆಲ್ಲ ಬಾಗಿಲು ತೆರೆದು, ಕೆಲಸದವರ ಮನೆಮಂದಿಗೆ ಒಳಗೆ ಬಂದು ನೋಡಲು ಬಿಡುತ್ತವೆ. ಇಸೋಬೆಯವರು ತಮ್ಮ ಮನೆಮಂದಿಯೆಂದು ರಾಮಕೃಷ್ಣಪ್ಪ ದಂಪತಿಗಳ ಹೆಸರು ಬರೆಸಿದ್ದರು. ಕವರಿನ ಹಣದಲ್ಲಿ ಕೊಂಡ ಹಸಿರು ಸೀರೆಯುಟ್ಟು ಪಾರ್ವತಮ್ಮ ಬಂದರು. ಕುಮಾರೇಶ್ ನನ್ನನ್ನೂ ಕರೆದಿದ್ದ.

ಬಾಳೆಕಂದು ಕಟ್ಟಿ, ಚೆಂಡುಹೂ ಹಾಕಿ, ಕುಂಬಳಕಾಯಿ ಒಡೆದಿದ್ದ ಆ ದೊಡ್ಡ ಶೆಡ್ಡಿನೊಳಗೆ ಮನೆಯಷ್ಟೆತ್ತರದ ಯಂತ್ರಗಳಿದ್ದವು. ಇಸೋಬೆಯವರು ಆ ಯಂತ್ರಗಳನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತು ನಡೆಸುವವರೆಂದು ನಾವು ತಿಳಿದಿದ್ದೆವು. ಅವರು ನಮ್ಮನ್ನು ಕರೆದೊಯ್ದದ್ದು ಮೂಲೆಯಲ್ಲಿದ್ದ ಒಂದು ಕಬ್ಬಿಣದ ಹಾಸಿನ ಮುಂದೆ. ಅವರ ಕೈಯಲ್ಲಿದ್ದದ್ದು ಬಡಗಿಯ ಉಳಿಯಂಥ ಉದ್ದ ಹಿಡಿಯ ಉಪಕರಣ. ಯಂತ್ರದ ಭಾಗಗಳು ಜಾರುವ ಹಾಸನ್ನು ಕೈಯಿಂದ ಹೆರೆದು ಸಮ ಮಾಡುವುದು ಅವರ ಕಸುಬು. ನಲವತ್ತು ವರ್ಷದಿಂದ ಅದೊಂದೇ.

ಅವರು ರಾಮಕೃಷ್ಣಪ್ಪನವರ ಅಂಗೈಯನ್ನು ಹಿಡಿದು ಹಾಸಿನ ಮೇಲೆ ಆಡಿಸಿದರು. ಏರುತಗ್ಗು ಗೊತ್ತಾಗುತ್ತದೆಯೇ ಎಂದು ಕೇಳಿಸಿದರು. ಕನ್ನಡಿಯ ಹಾಗಿದೆ ಎಂದರು ರಾಮಕೃಷ್ಣಪ್ಪ. ಆಗ ಇಸೋಬೆಯವರು ಹಾಸಿನ ಮೈಗೆ ತೆಳ್ಳಗೆ ನೀಲಿ ಬಣ್ಣ ಬಳಿದು, ಅದರ ಮೇಲೆ ಸಮತಟ್ಟಾದ ಒಂದು ಕಲ್ಲನ್ನು ಒಮ್ಮೆ ಎಳೆದರು. ಕನ್ನಡಿಯಂತಿದ್ದ ಕಬ್ಬಿಣದ ಮೈಮೇಲೆ ಸಿಡುಬಿನ ಕಲೆಗಳ ಹಾಗೆ ಚುಕ್ಕೆಗಳೆದ್ದವು. ಅವೆಲ್ಲ ದಿಣ್ಣೆಗಳು, ಒಂದೊಂದೂ ಕೂದಲೆಳೆಯ ದಪ್ಪದಲ್ಲಿ ನೂರರ ಒಂದು ಪಾಲಿನಷ್ಟು ಎತ್ತರ. ಇಸೋಬೆಯವರು ಉಪಕರಣದ ಹಿಡಿಯನ್ನು ಸೊಂಟಕ್ಕೆ ಆನಿಸಿ, ಬಾಗಿ, ಮೈಭಾರದಿಂದ ಒಂದು ಚುಕ್ಕೆಯನ್ನು ಹೆರೆದರು. ಹೋಟೆಲಿನಲ್ಲಿ ಬಾಗುತ್ತಿದ್ದರಲ್ಲ, ಅದೇ ಬೆನ್ನು.

"ಇಷ್ಟ್ ಸಣ್ಣ ದಿಣ್ಣೆ ಉಳಿದ್ರೆ ಯಾರಿಗ್ ಗೊತ್ತಾಗ್ತದೆ?" ಎಂದು ರಾಮಕೃಷ್ಣಪ್ಪ ಕೇಳಿದರು.

ಯಾರಿಗೂ ಗೊತ್ತಾಗುವುದಿಲ್ಲ, ಹತ್ತು ವರ್ಷದ ಮೇಲೆ ಯಂತ್ರಕ್ಕೆ ಗೊತ್ತಾಗುತ್ತದೆ ಎಂದರಂತೆ ಇಸೋಬೆ. ರಾಮಕೃಷ್ಣಪ್ಪ ಮತ್ತೆ ಅಂಗೈ ಇಟ್ಟು ನೋಡಿದರು. ಎಷ್ಟು ಸವರಿದರೂ ಆ ದಿಣ್ಣೆ ಕೈಗೆ ಸಿಗಲಿಲ್ಲ. ಪಾರ್ವತಮ್ಮ ಹತ್ತಿರ ಬಂದು, ಗಂಡ ನೋಡುತ್ತಿದ್ದ ಜಾಗವನ್ನೇ ತಾವೂ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಅವರ ರೆಪ್ಪೆಯ ಮೇಲೆ ನೀಲಿ ಬಣ್ಣ ಉಳಿಯಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಬಾಳೆಲೆ ಊಟ. ನಾವು ಸಾಲಿನಲ್ಲಿ ಕೂತೆವು. ನೋಡಿದರೆ ಇಸೋಬೆಯವರು ತೋಳು ಮಡಚಿ, ಕೈಯಲ್ಲಿ ಅನ್ನದ ಬಕೆಟ್ಟು ಹಿಡಿದು ಬರುತ್ತಿದ್ದರು. ರಾಮಕೃಷ್ಣಪ್ಪ ಎದ್ದುಬಿಟ್ಟರು. ಪಾರ್ವತಮ್ಮ ಅವರ ರಟ್ಟೆ ಹಿಡಿದು, "ಕುಂತ್ಕೊ ನೀನು. ಇವತ್ತೊಂದಿನ ಕುಂತ್ಕೊ" ಎಂದರು.

ಇಸೋಬೆಯವರಿಗೆ ಬಡಿಸಲು ಬರುತ್ತಿರಲಿಲ್ಲ. ಪಲ್ಯವನ್ನು ಎಲೆಯ ನಡುವೆ ಇಟ್ಟರು, ಉಪ್ಪನ್ನು ಅನ್ನದ ಮೇಲೆ ಸುರಿದರು. ಸಾಂಬಾರು ಎಲೆ ದಾಟಿ ರಾಮಕೃಷ್ಣಪ್ಪನವರ ಪಂಚೆಯ ಮೇಲೆ ಹರಿಯಿತು. ಒಂದೊಂದು ತಪ್ಪಿಗೂ ಬಾಗಿದರು. ಮೂವತ್ತೊಂದು ವರ್ಷ ಸಾವಿರಾರು ಎಲೆಗಳಿಗೆ ಬಡಿಸಿದವರು ತಮ್ಮ ಎಲೆಗೆ ಬಿದ್ದುದನ್ನು ತಲೆ ತಗ್ಗಿಸಿ ಉಣ್ಣುವಾಗ ಅವರ ಕಿವಿಗಳು ಕೆಂಪಾಗಿದ್ದವು. ಒಂದು ಅಗುಳನ್ನೂ ಅವರು ಬಿಡಲಿಲ್ಲ. ಕರಿಬೇವನ್ನೂ ಅಗಿದು ನುಂಗಿದರು.

ಎಲೆ ಮಡಚಿದ ಮೇಲೆ ಅವರ ಕೈ ತಾನೇ ಜೇಬಿನ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಬಡಿಸಿದವರಿಗೆ ಏನೂ ಕೊಡದೆ ಏಳುವುದು ಅವರಿಗೆ ಸಂಕಟ; ಕೊಟ್ಟರೆ ಆ ಮನುಷ್ಯನಿಗೆ ಸಂಕಟ. ಅವರು ಎದ್ದು, ಕೈ ತೊಳೆದು, ಪಂಚೆ ಸರಿಮಾಡಿಕೊಂಡು ಇಸೋಬೆಯವರ ಎದುರು ನಿಂತರು. ಎರಡು ಕೈಯನ್ನೂ ತೊಡೆಗೆ ಒತ್ತಿ, ದಿನವೂ ಕಂಡ ಹಾಗೆಯೇ, ಸೊಂಟದಿಂದ ಬಾಗಿದರು.

"ಗೊಚಿಸೋಸಮಾ" ಎಂದರು.

ಗುಮ್ಮಳಾಪುರದ ನಾಲಿಗೆಯಲ್ಲಿ ಅದು ಬೇರೆಯೇ ಮಾತಿನಂತೆ ಕೇಳಿಸಿತು. ಇಸೋಬೆಯವರು ಬಕೆಟ್ಟನ್ನು ನೆಲಕ್ಕಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಸುತ್ತ ಮುನ್ನೂರು ಜನ ಉಣ್ಣುತ್ತಿದ್ದರು.

ಡಿಸೆಂಬರಿನಲ್ಲಿ ಅವರ ಕೆಲಸ ಮುಗಿಯಿತು. ಹೊರಡುವ ದಿನ ತಿಂಡಿ ತಿಂದು, ಬಾಗಿ, ಶಿವಣ್ಣನವರ ಹತ್ತಿರ ಒಂದು ಅಪ್ಪಣೆ ಕೇಳಿದರು. ಒಳಗೆ ಹೋಗಿ ಬರಬಹುದೇ? ಶಿವಣ್ಣನವರು ಒಳಗೆ ಒದ್ದೆ, ಜಾರುತ್ತದೆ ಎಂದರೂ ಇಸೋಬೆಯವರು ಕೇಳಲಿಲ್ಲ. ರಾಮಕೃಷ್ಣಪ್ಪ ಮುಂದೆ, ಅವರು ಹಿಂದೆ, ಅವರ ಬೆನ್ನಿಗೆ ನಾನು. ದೋಸೆ ಮಾಸ್ಟರ ಮುಂದೆ ಬಾಗಿದರು. ಮಾಸ್ಟರು ದೋಸೆ ಸೀಯುತ್ತದೆಂದು ಒಂದು ಕೈಯಲ್ಲೇ ನಮಸ್ಕರಿಸಿದರು. ಅಲ್ಲಿಂದ ಹಿತ್ತಿಲಿಗೆ ಹೋದರು. ಅಲ್ಲಿ ನಲ್ಲಿಯ ಕೆಳಗೆ, ಬಾಗಿಲಿಗೆ ಬೆನ್ನು ಮಾಡಿ, ಪಾಪಮ್ಮ ತಟ್ಟೆ ತೊಳೆಯುತ್ತಾ ಕೂತಿದ್ದರು. ಬಾಗಲೂರಿನ ಹತ್ತಿರದ ಹಳ್ಳಿಯವರು, ಹೋಟೆಲಿಗೆ ಬಂದು ಹತ್ತೊಂಬತ್ತು ವರ್ಷ. ಈ ಹೋಟೆಲಿನಲ್ಲಿ ಪಾಪಮ್ಮ ಎಂಬುವರಿದ್ದಾರೆಂಬುದು ನನಗೆ ತಿಳಿದದ್ದೇ ಅಂದು.

ಇಸೋಬೆಯವರು ಅವರ ಹಿಂದೆ ನಿಂತು ಬಾಗಿ, ಆ ಮಾತು ಹೇಳಿದರು. ಪಾಪಮ್ಮ ಹೆದರಿ ಎದ್ದು ನಿಂತರು.

"ತಟ್ಟೇಲಿ ಏನಾರ ಇತ್ತಾ ಅಣ್ಣಯ್ಯ? ಬೆಳಗ್ಗೆ ನೀರು ಸಣ್ಣಕ್ ಬತ್ತಾ ಇತ್ತು" ಎಂದು ರಾಮಕೃಷ್ಣಪ್ಪನವರನ್ನು ಕೇಳಿದರು.

ಏನೂ ಇರಲಿಲ್ಲ, ನನಗಾಗಿ ಓಡಾಡಿದಿರಿ ಅಂತ ಹೇಳುತ್ತಿದ್ದಾರೆ ಎಂದರು ರಾಮಕೃಷ್ಣಪ್ಪ. ಪಾಪಮ್ಮ ಆ ಬಾಗಿದ ತಲೆಯನ್ನೂ ರಾಮಕೃಷ್ಣಪ್ಪನವರನ್ನೂ ನೋಡಿದರು.

"ನಾನ್ ಕುಂತೇ ಇರೋಳು. ನಾನೆಲ್ಲಿ ಓಡಾಡ್ದೆ?"

"ನೀನಿಲ್ಲಿ ಕುಂತಿದ್ದಕ್ಕೇ ಕಣಮ್ಮ ನಾನಲ್ಲಿ ಓಡಿದ್ದು" ಎಂದರು ರಾಮಕೃಷ್ಣಪ್ಪ. ಪಾಪಮ್ಮ ಒದ್ದೆ ಕೈಗಳನ್ನು ಜೋಡಿಸಿದರು. ಮೊಣಕೈಯಿಂದ ನೀರು ಇಳಿಯುತ್ತಿತ್ತು. ಇಸೋಬೆಯವರು ತಲೆಯೆತ್ತುವವರೆಗೂ ಅವರು ಆ ಕೈಗಳನ್ನು ಇಳಿಸಲಿಲ್ಲ.

ಆ ವಾರದಿಂದ ರಾಮಕೃಷ್ಣಪ್ಪ ತಮಗೆ ಬಂದ ಟಿಪ್ಸನ್ನು ಜೇಬಿಗೆ ಹಾಕುವುದಿಲ್ಲ. ಅಡುಗೆಮನೆಯ ಗೂಡಿನಲ್ಲಿ ಒಂದು ಡಬ್ಬಿಯಿದೆ. ಶನಿವಾರ ಅದು ಒಲೆಯ ಹತ್ತಿರದವರಿಗೂ ನಲ್ಲಿಯ ಹತ್ತಿರದವರಿಗೂ ಸಮನಾಗಿ ಹೋಗುತ್ತದೆ. ಚಿರಂಜೀವಿ ಎರಡು ತಿಂಗಳು ಒಪ್ಪಲಿಲ್ಲ. ಗಿರಾಕಿ ಕೊಡುವುದು ನನ್ನ ಮುಖ ನೋಡಿ, ಪಾಪಮ್ಮನ ಮುಖ ನೋಡಿ ಅಲ್ಲ ಎಂದು ವಾದಿಸಿದ. ರಾಮಕೃಷ್ಣಪ್ಪ ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಈಗ ಅವನೂ ಹಾಕುತ್ತಾನೆ. ಎಲ್ಲವನ್ನೂ ಹಾಕುತ್ತಾನೋ ಇಲ್ಲವೋ, ಅದನ್ನು ಯಾರೂ ನೋ‌ಡುವುದಿಲ್ಲ.

ಮೊನ್ನೆ ನಾನು ಪೊಂಗಲ್ ತಿಂದು ಎದ್ದಾಗ ರಾಮಕೃಷ್ಣಪ್ಪನವರ ಮುಂದೆ ನಿಂತೆ. ಬಾಗಬೇಕೆಂದೇ ನಿಂತದ್ದು. ಬೆನ್ನು ಬಾಗಲಿಲ್ಲ, ಸುತ್ತ ನನ್ನ ವಿದ್ಯಾರ್ಥಿಗಳ ಅಪ್ಪಂದಿರಿದ್ದರು. "ಪೊಂಗಲ್ ಚೆನ್ನಾಗಿತ್ತು ರಾಮಕೃಷ್ಣಪ್ಪ" ಎಂದಷ್ಟೇ ಹೇಳಿದೆ. ಹೇಳಿದ ಮೇಲೆ ಹೊಳೆಯಿತು, ಹದಿನಾರು ವರ್ಷಗಳಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು.

"ಒಳಗ್ ಹೇಳ್ತೀನಿ ಮೇಷ್ಟ್ರೆ" ಎಂದು ಖಾಲಿ ತಟ್ಟೆಯನ್ನೆತ್ತಿಕೊಂಡು ಅಡುಗೆಮನೆಯ ಕಡೆ ನಡೆದರು.